ನಾಲ್ಕು ದಿನದ ಸೈಕಲ್ ದಾರಿಗೆ ಕಟ್ಟಿದ ಬುತ್ತಿ

ಸೈಕಲ್ಲಿನಲ್ಲಿ ನಾಲ್ಕು ದಿನ ಸುತ್ತಿ ಬರುತ್ತೇನೆ ಎಂದು ಮಗಳು ಹೇಳಿದಾಗ ನಾನು ಊಟಕ್ಕೆ ಕೂತಿದ್ದೆ. ಮುರಿದ ಮುದ್ದೆಯ ತುತ್ತು ಕೈಯಲ್ಲೇ ಉಳಿಯಿತು. ಕೋಲಾರದಿಂದ ಹೊರಟು ಮಾಲೂರು, ಮಾಸ್ತಿ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಮುಗಿಸಿಕೊಂಡು ಮತ್ತೆ ಕೋಲಾರಕ್ಕೆ. ಕಾಲೇಜಿನ ಗೆಳತಿಯೊಬ್ಬಳ ಜೊತೆ ಹೋಗುವುದೆಂದು ಮಾತಾಗಿತ್ತಂತೆ. ಆ ಹುಡುಗಿಯನ್ನು ಮನೆಯಲ್ಲಿ ಬಿಡಲಿಲ್ಲ. ಹಾಗಾಗಿ ತಾನೊಬ್ಬಳೇ ಹೋಗುವುದೆಂದು ಇವಳು ತೀರ್ಮಾನ ಮಾಡಿಕೊಂಡು ಬಂದಿದ್ದಳು. ನಮ್ಮನ್ನು ಕೇಳುವ ದನಿ ಅದಾಗಿರಲಿಲ್ಲ, ತಿಳಿಸುವ ದನಿ. ಅವಳಿಗೆ ಹತ್ತೊಂಬತ್ತು ತುಂಬಿತ್ತು.

ನನಗೆ ಹೆದರಿಕೆಯಾದದ್ದು ರಸ್ತೆಗಲ್ಲ. ಇಪ್ಪತ್ತಾರು ವರ್ಷದಿಂದ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವವನು ನಾನು. ಅವಳು ಹೇಳಿದ ಒಂದೊಂದು ಊರಿಗೂ ಸಾವಿರಾರು ಸಲ ಟಿಕೆಟ್ ಹರಿದಿದ್ದೇನೆ. ಹೆದರಿಕೆಯಾದದ್ದು ಅವಳ ಮೈಗೆ. ಹನ್ನೊಂದನೇ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಸಿಹಿ ಬಿಟ್ಟರೆ ಸರಿಹೋಗುವ, ವಯಸ್ಸಾದವರಿಗೆ ಬರುವ ಬಗೆಯದಲ್ಲ. ಅವಳ ದೇಹದಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ. ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳಬೇಕು, ಚುಚ್ಚಿಕೊಂಡದ್ದಕ್ಕೆ ತಕ್ಕಷ್ಟು ತಿನ್ನಬೇಕು. ತಿಂದದ್ದು ಕಮ್ಮಿಯಾದರೆ, ಇಲ್ಲವೇ ಮೈ ದಣಿದರೆ, ರಕ್ತದಲ್ಲಿನ ಸಕ್ಕರೆ ಸರ್ರನೆ ಇಳಿಯುತ್ತದೆ. ಬೆವರು ಕಿತ್ತುಕೊಂಡು ಬರುತ್ತದೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ. ಆಗಲೂ ಹೊಟ್ಟೆಗೆ ಸಿಹಿ ಬೀಳದಿದ್ದರೆ ಎಚ್ಚರ ತಪ್ಪುತ್ತದೆ.

ಎಂಟನೇ ಕ್ಲಾಸಿನಲ್ಲಿ ಹಾಗೆ ಒಮ್ಮೆ ತಪ್ಪಿತ್ತು. ಸ್ಕೂಲಿನ ಮೈದಾನದಲ್ಲಿ ಖೋ ಖೋ ಆಡುತ್ತ ಬಿದ್ದಳು. ಬಿಸಿಲಿಗೆ ತಲೆಸುತ್ತು ಬಂದಿದೆ ಎಂದುಕೊಂಡು ಮೇಷ್ಟ್ರು ನೆರಳಿಗೆ ಎತ್ತಿ ಮಲಗಿಸಿ ಮುಖಕ್ಕೆ ನೀರು ಹಾಕುತ್ತ ಕೂತಿದ್ದರು. ಸುದ್ದಿ ಮುಟ್ಟಿದಾಗ ನಾನು ಮುಳಬಾಗಿಲಿನ ಸ್ಟ್ಯಾಂಡಿನಲ್ಲಿದ್ದೆ. ಆಸ್ಪತ್ರೆಯಲ್ಲಿ ಅವಳು ಕಣ್ಣು ತೆರೆದು ನನ್ನನ್ನು ನೋಡಿ, ಯಾರೋ ಗೊತ್ತಿಲ್ಲದವರನ್ನು ನೋಡುವಂತೆ ನೋಡಿ, ಮತ್ತೆ ಕಣ್ಣು ಮುಚ್ಚಿದಳು. ಆ ನೋಟ ನನ್ನಿಂದ ಹೋಗಿಲ್ಲ. ಅಂದಿನಿಂದ ಅವಳು ಎಲ್ಲಿಗೆ ಹೊರಟರೂ ವಾಪಸ್ಸು ಬರುವವರೆಗೆ ಗಡಿಯಾರ ನೋಡುತ್ತಿರುತ್ತೇನೆ.

ಹೆಂಡತಿ ಬೇಡ ಅನ್ನುತ್ತಾಳೆ ಎಂದು ಕಾದೆ. ಅವಳು ನನ್ನ ಎಲೆಗೆ ಸಾರು ಬಡಿಸುತ್ತ, ಡಾಕ್ಟರಮ್ಮನನ್ನು ಒಂದು ಮಾತು ಕೇಳಿಕೊಂಡು ಬಾ ಎಂದು ಮಗಳಿಗೆ ಹೇಳಿದಳು, ಅಷ್ಟೇ. ಡಾಕ್ಟರಮ್ಮ ಹೋಗಬೇಡ ಅನ್ನಲಿಲ್ಲ. ಬೆಳಗಿನ ಇನ್ಸುಲಿನ್ ಎಷ್ಟು ಕಮ್ಮಿ ಮಾಡಬೇಕು, ತೊಡೆ ಬಿಟ್ಟು ಹೊಟ್ಟೆಗೆ ಏಕೆ ಚುಚ್ಚಿಕೊಳ್ಳಬೇಕು, ಗಂಟೆಗೊಮ್ಮೆ ಬೆರಳು ಚುಚ್ಚಿ ನೋಡಿ ನೂರರ ಕೆಳಗಿದ್ದರೆ ತಿನ್ನದೆ ಸೈಕಲ್ ಹತ್ತಬಾರದು ಎಂದೆಲ್ಲ ಚೀಟಿಯಲ್ಲಿ ಬರೆದುಕೊಟ್ಟರು. ಜೊತೆಗೆ ಯಾರಾದರೂ ಇರಲಿ ಎಂದರು. ನಾನು ಹಿಡಿದುಕೊಂಡದ್ದು ಆ ಕೊನೆಯ ಮಾತನ್ನು. ರಜೆ ಬರೆದುಕೊಟ್ಟೆ. ನಾನೂ ಬರುತ್ತೇನೆ ಎಂದಾಗ ಮಗಳು, "ಬಾ ಅಪ್ಪಾ, ಆದ್ರೆ ದಾರಿಯುದ್ದಕ್ಕೂ ನನ್ನ ಮುಖಾನೇ ನೋಡ್ತಾ ಬರ್ಬೇಡ" ಎಂದಳು.

ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಹೊರಡುವುದೆಂದಾಯಿತು. ಅಲ್ಲಿಯವರೆಗೆ ಮೂರು ವಾರ ನಾನು ಮಾಡಿದ್ದು ತಯಾರಿ. ಹೆದರಿದವನು ಮಾಡುವ ತಯಾರಿ ಎಂಥದ್ದು ಎಂದು ಈಗ ಗೊತ್ತಾಗುತ್ತದೆ. ಬಸ್ಸಿನಲ್ಲಿ ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಐದು ನಿಮಿಷ, ಹತ್ತು ನಿಮಿಷ. ಅದೇ ದೂರವನ್ನು ಪೆಡಲ್ ತುಳಿಯುವವನ ಲೆಕ್ಕದಲ್ಲಿ ನೋಡಲು ಶುರುಮಾಡಿದಾಗ ನಾನು ಕಂಡಿರದಿದ್ದ ಬಯಲುಗಳೆಲ್ಲ ಎದ್ದು ಬಂದವು. ಡ್ಯೂಟಿಯಲ್ಲಿರುವಾಗಲೇ ಕಿಟಕಿಯಿಂದ ನೋಡಿ ಗುರುತು ಹಾಕಿಕೊಂಡೆ. ಇಲ್ಲಿ ಪೆಟ್ಟಿಗೆ ಅಂಗಡಿ ಇದೆ, ಇಲ್ಲಿಂದ ಎಂಟು ಕಿಲೋಮೀಟರ್ ಏನೂ ಇಲ್ಲ, ಇಲ್ಲಿ ಆಲದ ಮರ, ಇಲ್ಲಿ ಪಂಚಾಯ್ತಿಯ ಶುದ್ಧ ನೀರಿನ ಘಟಕ. ನಮ್ಮ ಕಡೆಯ ಬೋರ್ ನೀರು ಕುಡಿದು ಹಲ್ಲು ಹಳದಿಯಾದವರು ನಮ್ಮ ಮನೆಯಲ್ಲೇ ಇದ್ದಾರೆ. ದಾರಿಯಲ್ಲಿ ಸಿಕ್ಕಿದ ನಲ್ಲಿಗೆ ಬಾಯಿಡುವ ಹಾಗಿಲ್ಲ. ನಾಣ್ಯ ಹಾಕಿದರೆ ನೀರು ಬರುವ ಆ ಘಟಕಗಳಲ್ಲಿ ಯಾವುದು ಕೆಟ್ಟಿದೆ, ಯಾವುದು ನಡೆಯುತ್ತಿದೆ ಎಂದು ಹತ್ತಿ ಇಳಿಯುವ ಪ್ರಯಾಣಿಕರನ್ನು ಕೇಳಿದೆ. ಕರೆಂಟು ಹೋದರೆ ಎಲ್ಲವೂ ನಿಲ್ಲುತ್ತವೆ ಎಂದು ಒಬ್ಬರು ಹೇಳಿದ ಮೇಲೆ ಎರಡು ಲೀಟರಿನ ಬಾಟಲಿಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದೆ.

ತಿನ್ನುವುದಕ್ಕೆ ಹೆಂಡತಿ ರಾಗಿ ಹುರಿದು ಹುರಿಹಿಟ್ಟು ಮಾಡಿದಳು. ಬೆಲ್ಲ ಹಾಕಿದ್ದು ಒಂದು ಡಬ್ಬಿ, ಹಾಕದ್ದು ಒಂದು ಡಬ್ಬಿ. ಕಡಲೆಕಾಯಿ ಹುರಿದು ಸಿಪ್ಪೆ ತೆಗೆದಳು. ನಿಪ್ಪಟ್ಟು, ಖರ್ಜೂರ, ಬನ್ನು. ದಿನದಿನದ ಬಾಳೆಹಣ್ಣು ದಾರಿಯಲ್ಲೇ ಕೊಳ್ಳುವುದು. ಸಕ್ಕರೆ ಇಳಿದರೆ ತಕ್ಷಣ ಬೇಕಾಗುವ ಗ್ಲೂಕೋಸ್ ಪುಡಿ ಹತ್ತು ಪೊಟ್ಟಣ. ಮೂರು ಸಾಕು ಎಂದಿದ್ದಳು ಮಗಳು. ಹಣ್ಣಿನ ರಸದ ಸಣ್ಣ ಪ್ಯಾಕೆಟ್ಟು ಹನ್ನೆರಡು. ಒಂದು ಪ್ಯಾಕೆಟ್ ಸೋರಿದರೆ, ಇನ್ನೊಂದು ಕಳೆದರೆ, ಮತ್ತೊಂದು ಬಿಸಿಲಿಗೆ ಹುಳಿಯಾದರೆ ಎಂದು ಲೆಕ್ಕ ಹಾಕುತ್ತ ಹೋದರೆ ಹನ್ನೆರಡೂ ಸಾಲದೆನಿಸುತ್ತಿತ್ತು. ಇನ್ಸುಲಿನ್ ಬಿಸಿಲಿಗೆ ಕೆಡುತ್ತದೆ. ಅದರದೊಂದು ಖಾಲಿ ಸೀಸೆಯನ್ನು ಒದ್ದೆ ಬಟ್ಟೆಯ ಚೀಲದೊಳಗೆ, ಆ ಚೀಲವನ್ನು ಒಂದು ಅಲ್ಯೂಮಿನಿಯಂ ಡಬ್ಬಿಯೊಳಗೆ ಇಟ್ಟು, ಮಹಡಿಯ ಬಿಸಿಲಲ್ಲಿ ಇಡೀ ದಿನ ಬಿಟ್ಟು ನೋಡಿದೆ. ಒಳಗೆ ಥರ್ಮಾಮೀಟರ್ ಬೇರೆ. ಮಗಳು ಮೇಲೆ ಬಂದು ನೋಡಿ ನಕ್ಕು ಇಳಿದು ಹೋದಳು.

ಸೈಕಲ್ಲಿನ ಸಾಮಾನು ಬೇರೆ. ಅವಳದು ಗೇರಿನ ಸೈಕಲ್ಲು, ಯಾರಿಂದಲೋ ಹಳೆಯದು ಕೊಂಡದ್ದು. ನನ್ನದು ಡಿಪೋಗೆ ಹೋಗಿ ಬರುತ್ತಿದ್ದ ಕಪ್ಪು ಸೈಕಲ್ಲು, ಹಿಂದೆ ಗಟ್ಟಿ ಕ್ಯಾರಿಯರ್. ಎರಡರ ಚಕ್ರದ ಅಳತೆ ಬೇರೆ, ಟ್ಯೂಬೂ ಬೇರೆ. ಅವಳಿಗೆ ಎರಡು, ನನಗೆ ಎರಡು. ಪಂಪು, ಪಂಕ್ಚರ್ ಹಾಕುವ ಸಾಮಾನು, ಬ್ರೇಕ್ ವೈರು, ಸ್ಪ್ಯಾನರ್, ಎಣ್ಣೆ ಡಬ್ಬಿ, ಗಾಯಕ್ಕೆ ಕಟ್ಟುವ ಬಟ್ಟೆ, ಒಂದು ಟಾರ್ಪಾಲು. ಎಲ್ಲವನ್ನೂ ಎರಡು ಗೋಣಿಚೀಲಕ್ಕೆ ತುಂಬಿ ನನ್ನ ಕ್ಯಾರಿಯರ್ರಿನ ಎರಡೂ ಕಡೆ ಇಳಿಬಿಟ್ಟು ಹಗ್ಗ ಬಿಗಿದೆ. ಹೊರಡುವ ಹಿಂದಿನ ಸಂಜೆ ಅವಳು ಬಂದು, ಅರ್ಧ ತನ್ನ ಸೈಕಲ್ಲಿಗೆ ಕಟ್ಟು ಎಂದಳು. ನಾನು ಒಪ್ಪಲಿಲ್ಲ. ಭಾರ ಹೊತ್ತರೆ ನಿನಗೆ ದಣಿವು, ದಣಿದರೆ ಸಕ್ಕರೆ ಇಳಿಯುತ್ತೆ ಎಂದೆ. ನಿಜ ಹೇಳಬೇಕೆಂದರೆ ಆ ಸಾಮಾನು ನನ್ನ ಕಣ್ಣ ಮುಂದೆ, ನನ್ನ ಕೈಯಳತೆಯಲ್ಲಿ ಇರಬೇಕಿತ್ತು. "ನಾನಿರ್ತೀನಲ್ಲ ಜೊತೆಗೆ" ಎಂದೆ. ಹಠ ಮಾಡಿ ಹ್ಯಾಂಡಲ್ಲಿಗೆ ಒಂದು ಸಣ್ಣ ಚೀಲ ಮಾತ್ರ ಕಟ್ಟಿಕೊಂಡಳು. ಅದರಲ್ಲಿ ಎರಡು ಪೊಟ್ಟಣ ಗ್ಲೂಕೋಸು, ನಾಲ್ಕು ಚಾಕೊಲೇಟು. ಜೊತೆಗೆ ಒಂದು ಬಾಟಲಿ ನೀರು.

ಮೊದಲ ದಿನ ಚೆನ್ನಾಗಿಯೇ ಕಳೆಯಿತು. ವಿಗ್ರಹ ಕೆತ್ತುವವರ ಊರಾದ ಶಿವಾರಪಟ್ಟಣದಲ್ಲಿ ನಿಂತು, ಉಳಿಯ ಸದ್ದು ಕೇಳುತ್ತ, ಇನ್ನೂ ಮುಖ ಮೂಡದ ಕಲ್ಲುಗಳ ಸಾಲಿನ ಪಕ್ಕ ಕೂತು ಚಿತ್ರಾನ್ನ ತಿಂದೆವು. ಅವಳು ಬೆರಳು ಚುಚ್ಚಿ ನೋಡಿ ಸಂಖ್ಯೆ ಹೇಳಿದಳು, ನಾನು ಡೈರಿಯಲ್ಲಿ ಬರೆದುಕೊಂಡೆ. ಮಾಲೂರಿನಲ್ಲಿ ಹೆಂಡತಿಯ ಅಕ್ಕನ ಮನೆಯಲ್ಲಿ ಉಳಿದೆವು. ನನ್ನ ತೊಡೆ ಎರಡೂ ಮರಗಟ್ಟಿದ್ದವು. ಅವಳು ದಣಿದೇ ಇರಲಿಲ್ಲ.

ಎರಡನೇ ದಿನ ಮಾಸ್ತಿ ಇನ್ನೂ ಎರಡು ಮೂರು ಕಿಲೋಮೀಟರ್ ಇದೆ ಎನ್ನುವಾಗ ಮುಂದೆ ಹೋಗುತ್ತಿದ್ದ ಅವಳ ಸೈಕಲ್ಲು ಸ್ವಲ್ಪ ವಾಲಿದ ಹಾಗಾಯಿತು. ನಾನು ಜೋರಾಗಿ ತುಳಿದೆ. ಅವಳು ತಾನಾಗಿಯೇ ಇಳಿದು ಬಸ್ ತಂಗುದಾಣದ ಕಟ್ಟೆಯ ಮೇಲೆ ಕೂತಳು. ನನ್ನ ಜೇಬಿನಲ್ಲಿದ್ದ ಮೆಷಿನ್ನಿನಲ್ಲಿ ನೋಡಿದರೆ ಅರವತ್ತೆರಡು. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ನಾನು ಗೋಣಿಚೀಲದ ಹಗ್ಗ ಬಿಚ್ಚುವಷ್ಟರಲ್ಲಿ ಅವಳು ತನ್ನ ಹ್ಯಾಂಡಲ್ಲಿನ ಚೀಲದಿಂದ ಗ್ಲೂಕೋಸ್ ತೆಗೆದು ನೀರಿಗೆ ಹಾಕಿಕೊಂಡು ಕುಡಿದಾಗಿತ್ತು. ಇನ್ನೂ ಏರಲಿಲ್ಲವೆಂದು ಎರಡನೇ ಪೊಟ್ಟಣವನ್ನೂ, ನಾಲ್ಕು ಚಾಕೊಲೇಟನ್ನೂ ಮುಗಿಸಿದಳು. ಅರ್ಧ ಗಂಟೆಯಲ್ಲಿ ಮುಖಕ್ಕೆ ಬಣ್ಣ ಬಂತು. ಆದರೂ ಇಲ್ಲಿಂದಲೇ ಬಸ್ಸಿಗೆ ಸೈಕಲ್ಲು ಹಾಕಿ ಮನೆಗೆ ಹೋಗೋಣ ಎಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಇಳಿದದ್ದು ತನಗೆ ಗೊತ್ತಾಯಿತು, ಕೂತಾಯಿತು, ಕುಡಿದಾಯಿತು, ಏರಿತು, ಇದರಲ್ಲಿ ಮನೆಗೆ ಹೋಗುವಂಥದ್ದು ಏನಿದೆ ಎಂದು ಕೇಳಿದಳು. ನಾನು ಬಿಚ್ಚಿದ್ದ ಹಗ್ಗವನ್ನು ಮತ್ತೆ ಬಿಗಿದೆ.

ಆ ಸಂಜೆ ಬಂಗಾರಪೇಟೆಯ ಲಾಡ್ಜಿನಲ್ಲಿ ಅವಳು ಖಾಲಿ ಚೀಲ ಹಿಡಿದುಕೊಂಡು, ಗ್ಲೂಕೋಸ್ ಎಲ್ಲಿಟ್ಟಿದ್ದೀಯ ಎಂದು ನನ್ನ ಗೋಣಿಚೀಲದ ಕಡೆ ಬಂದಳು. ನಾನು ಅಚ್ಚುಕಟ್ಟಾಗಿ ಜೋಡಿಸಿಟ್ಟದ್ದನ್ನು ಕೆದಕುತ್ತಾಳೆಂದು ಅವಳ ಕೈಯಿಂದ ಚೀಲ ತೆಗೆದುಕೊಂಡೆ. "ನಾನು ತುಂಬ್ತೀನಿ ಬಿಡು ಮಗಾ, ನೀನು ಕಾಲು ಚಾಚ್ಕೊ" ಎಂದೆ. ಆಮೇಲೆ ನನ್ನ ಹಿಂದಿನ ಬ್ರೇಕು ಸಡಿಲವಾಗಿದ್ದು ನೆನಪಾಗಿ ಅದನ್ನು ಬಿಗಿ ಮಾಡುತ್ತ ಕೂತೆ. ಮನೆಯಿಂದ ಫೋನು ಬಂತು. ಊಟ ತರಿಸಿದೆವು. ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಕಿಟಕಿಯ ಸರಳಿಗೆ ನೇತುಬಿದ್ದಿದ್ದ ಆ ಚೀಲವನ್ನು ತೆಗೆದು ಅವಳ ಹ್ಯಾಂಡಲ್ಲಿಗೆ ಕಟ್ಟಿದವನು ನಾನೇ. ಕಟ್ಟುವಾಗ ಅದರ ಹಗುರ ಕೈಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಇನ್ನೊಂದು ತಪ್ಪೂ ಆಗಿತ್ತು. ಲಾಡ್ಜಿನಲ್ಲಿ ಕರೆಂಟು ಹೋಗಿ ಅವಳ ಫೋನು ಚಾರ್ಜ್ ಆಗಿರಲಿಲ್ಲ. ಪವರ್ ಬ್ಯಾಂಕಿಗೆ ಸಿಕ್ಕಿಸಿ ಅದನ್ನೂ ನನ್ನ ಚೀಲದಲ್ಲೇ ಇಟ್ಟುಕೊಂಡಿದ್ದೆ.

ಮೂರನೇ ದಿನ ಬೇತಮಂಗಲ ದಾಟಿ ಮುಳಬಾಗಿಲಿಗೆ ಹೋಗುವುದು. ದೊಡ್ಡ ರಸ್ತೆಯಲ್ಲೇ ಹೋಗಬೇಕೆಂಬುದು ನನ್ನ ಯೋಜನೆ, ಅಲ್ಲಿ ಬಸ್ಸುಗಳು ಓಡುತ್ತಿರುತ್ತವೆ, ನನ್ನ ಗುರುತಿನ ಡ್ರೈವರುಗಳಿರುತ್ತಾರೆ. ಅವಳಿಗೆ ಆವನಿ ಬೆಟ್ಟದ ಕಡೆಯ ಒಳರಸ್ತೆಯಲ್ಲಿ ಹೋಗುವ ಆಸೆ. ತಿಂಡಿ ತಿನ್ನುವಾಗ ಕೇಳಿದಳು. ಆ ಕಡೆ ನಾನು ಗುರುತು ಹಾಕಿಕೊಂಡ ನೀರಿನ ಘಟಕ ಒಂದೂ ಇರಲಿಲ್ಲ. ಇಲ್ಲ ಎಂದರೆ ಬೇಜಾರಾಗುತ್ತಾಳೆಂದು "ನೋಡೋಣ" ಎಂದೆ. ನನ್ನ ಬಾಯಲ್ಲಿ ನೋಡೋಣ ಎಂದರೆ ಬೇಡ ಎಂದರ್ಥ. ಅವಳು ಆಗಲಿ ಎಂದು ತಿಳಿದುಕೊಂಡಿದ್ದಳು. ಇದೆಲ್ಲ ಆಮೇಲೆ ಗೊತ್ತಾಯಿತು.

ಹತ್ತು ಗಂಟೆಯ ಹೊತ್ತಿಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಂದು ಇಳಿಜಾರಿನಲ್ಲಿ ಯಾರೋ ಒಕ್ಕಣೆಗೆಂದು ರಸ್ತೆಯ ತುಂಬ ರಾಗಿ ಹುಲ್ಲು ಹರಡಿದ್ದರು. ಲಾರಿ ಬಸ್ಸುಗಳು ತುಳಿದುಕೊಂಡು ಹೋದರೆ ಕಾಳು ಉದುರುತ್ತದೆ. ಅವಳು ಅಂಚಿನಲ್ಲಿ ಜಾಗ ಹುಡುಕಿ ನುಸುಳಿ ಇಳಿಜಾರು ಇಳಿದು ಹೋದಳು. ನಾನು ಭಾರದ ಸೈಕಲ್ಲನ್ನು ಹುಲ್ಲಿನ ಮೇಲೆಯೇ ನುಗ್ಗಿಸಿದೆ. ಹುಲ್ಲು ಹಿಂದಿನ ಚಕ್ರಕ್ಕೆ ಸುತ್ತಿಕೊಂಡಿತು, ಚೈನು ಕಳಚಿತು, ಸೈಕಲ್ಲು ಒಂದು ಕಡೆಗೆ ಉರುಳಿತು. ಕೂಗಿದೆ. ಅವಳಿಗೆ ಕೇಳಿಸಲಿಲ್ಲ. ಮೊಣಕೈ ತರಚಿತ್ತು. ಅದನ್ನು ಲೆಕ್ಕಿಸದೆ ಫ್ರೀವೀಲಿನ ಸಂದಿಗಳಿಗೆ ಹೊಕ್ಕ ಹುಲ್ಲನ್ನು ಚಾಕುವಿನಿಂದ ಕೊಯ್ದು ಕೊಯ್ದು ತೆಗೆದೆ. ಚೈನು ಕೂರಿಸಲು ಗೋಣಿಚೀಲ ಇಳಿಸಬೇಕಾಯಿತು. ಕೆಳಗೆಲ್ಲೋ ನಿಂತು ಕಾಯುತ್ತಿರುತ್ತಾಳೆ ಎಂದುಕೊಂಡೆ. ಎಲ್ಲ ಸೇರಿ ಇಪ್ಪತ್ತೈದು ನಿಮಿಷ ಹಿಡಿದಿರಬೇಕು.

ಚೀಲ ಮತ್ತೆ ಕಟ್ಟುವಾಗ ಗ್ಲೂಕೋಸಿನ ಪೊಟ್ಟಣಗಳು ಕೈಗೆ ಸಿಕ್ಕವು. ಎಣಿಸಿದೆ. ಹತ್ತಕ್ಕೆ ಎಂಟು. ಎರಡನ್ನು ಮಾಸ್ತಿಯ ಹತ್ತಿರ ಕುಡಿದಿದ್ದಾಳೆ. ಹಾಗಾದರೆ ಅವಳ ಚೀಲಕ್ಕೆ ನಾನು ತುಂಬಿದ್ದು? ಮತ್ತೆ ಎಣಿಸಿದೆ. ಎಂಟೇ. ನಡು ರಸ್ತೆಯಲ್ಲಿ, ಆ ಹುಲ್ಲಿನ ಮೇಲೆ ಕೂತುಬಿಟ್ಟೆ. ಬೆಳಿಗ್ಗೆ ಏಳಕ್ಕೆ ಚುಚ್ಚಿಕೊಂಡಿದ್ದಾಳೆ. ಎರಡು ಇಡ್ಲಿ, ಒಂದು ಬಾಳೆಹಣ್ಣು. ಎರಡೂವರೆ ಗಂಟೆಯಿಂದ ತುಳಿಯುತ್ತಿದ್ದಾಳೆ. ಅವಳ ಹತ್ತಿರ ಇರುವುದು ನೀರು ಮಾತ್ರ. ಬೆರಳು ಚುಚ್ಚಿ ನೋಡುವ ಮೆಷಿನ್ನು ನನ್ನ ಜೇಬಿನಲ್ಲಿತ್ತು. ಊಟ, ಸಕ್ಕರೆ, ರಸದ ಪ್ಯಾಕೆಟ್ಟು, ಫೋನು, ಎಲ್ಲವೂ ನನ್ನ ಮುಂದೆ ಹರಡಿಕೊಂಡು ಬಿದ್ದಿದ್ದವು.

ಆಮೇಲೆ ಹೇಗೆ ತುಳಿದೆನೋ ನನಗೆ ಸರಿಯಾಗಿ ನೆನಪಿಲ್ಲ. ಇಳಿಜಾರಿನ ಕೆಳಗೆ ಅವಳಿರಲಿಲ್ಲ. ಅಲ್ಲಿಂದ ಒಂದು ಕಿಲೋಮೀಟರಿಗೆ ರಸ್ತೆ ಕವಲಾಗುತ್ತದೆ. ಎಡಕ್ಕೆ ಆವನಿಯ ಕಡೆ, ಬಲಕ್ಕೆ ಮುಳಬಾಗಿಲಿನ ದೊಡ್ಡ ರಸ್ತೆ. ಕವಲಿನಲ್ಲಿ ಯಾರೂ ಇರಲಿಲ್ಲ. ನಾವು ಮಾತಾಡಿಕೊಂಡದ್ದು ದೊಡ್ಡ ರಸ್ತೆ ಎಂದು ನನ್ನ ಮನಸ್ಸಿನಲ್ಲಿ ಖಾತ್ರಿಯಿತ್ತು. ಬಲಕ್ಕೆ ತಿರುಗಿದೆ. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು, ಜೊತೆಯಲ್ಲಿ ಎಂಟು ಲೀಟರ್ ನೀರಿದ್ದರೂ ನಿಂತು ಕುಡಿಯಲು ಧೈರ್ಯವಾಗಲಿಲ್ಲ. ರಸ್ತೆಯ ಎರಡೂ ಬದಿಯ ಚರಂಡಿಗಳನ್ನು ನೋಡುತ್ತ ಹೋದೆ. ದೂರದಲ್ಲಿ ಬಣ್ಣದ್ದೇನು ಕಂಡರೂ, ಹರಿದ ಪ್ಲಾಸ್ಟಿಕ್ಕಾಗಲಿ ಒಣಗಹಾಕಿದ ಬಟ್ಟೆಯಾಗಲಿ, ಅವಳ ಹಳದಿ ಟೀಶರ್ಟಿನ ಹಾಗೆಯೇ ಕಾಣುತ್ತಿತ್ತು.

ಮೂರು ಕಿಲೋಮೀಟರ್ ಹೋದ ಮೇಲೆ ರಸ್ತೆ ಬದಿಯಲ್ಲಿ ರಾಗಿ ತೂರುತ್ತಿದ್ದ ಒಬ್ಬ ಮುದುಕಪ್ಪ ಸಿಕ್ಕ. ಸೈಕಲ್ಲಿನಲ್ಲಿ ಒಂದು ಹುಡುಗಿ ಹೋದಳಾ ಎಂದು ಕೇಳಿದೆ. ಅವನು ಮೊರ ಕೆಳಗಿಟ್ಟು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ, ಹೊತ್ತು ಹುಟ್ಟಿದಾಗಿನಿಂದ ತಾನು ಇಲ್ಲೇ ಇದ್ದೇನೆ, ಈ ಕಡೆ ಯಾವ ಹುಡುಗಿಯೂ ಬರಲಿಲ್ಲ ಎಂದ. ಹಾಗಾದರೆ ಅವಳು ಎಡಕ್ಕೆ ಹೋಗಿದ್ದಾಳೆ. ಇಲ್ಲವೇ ಎಲ್ಲಿಗೂ ಹೋಗಿಲ್ಲ, ಆ ಇಳಿಜಾರಿನಲ್ಲೇ ರಸ್ತೆಯಿಂದ ಕೆಳಕ್ಕೆ ಬಿದ್ದಿದ್ದಾಳೆ, ನಾನು ನೋಡದೆ ದಾಟಿ ಬಂದಿದ್ದೇನೆ. ಸೈಕಲ್ಲು ತಿರುಗಿಸುವಾಗ ಎರಡು ಸಲ ಬಿದ್ದೆ. ಮುದುಕಪ್ಪ ಬಂದು ಹಿಡಿದು ನಿಲ್ಲಿಸಿ, ಹಿಂದಿನಿಂದ ತಳ್ಳಿಕೊಟ್ಟ.

ಎಡಗಡೆಯ ರಸ್ತೆ ಏರು. ಮುಂದೆ ಬೆಟ್ಟ ಕಾಣುತ್ತಿತ್ತು. ಎರಡು ಕಡೆ ಹಿಪ್ಪುನೇರಳೆ, ಆಮೇಲೆ ಟೊಮೆಟೊ ತೋಟಗಳು. ಎಂದೂ ಇಲ್ಲದಷ್ಟು ದೇವರನ್ನು ಕೂಗಿದೆ. ಒಂದು ತಿರುವು ದಾಟಿದ ಮೇಲೆ ಅವಳ ಸೈಕಲ್ಲು ಕಂಡಿತು. ರಸ್ತೆ ಪಕ್ಕದ ಹುಲ್ಲಿನಲ್ಲಿ ಮಗುಚಿ ಬಿದ್ದಿತ್ತು. ಹ್ಯಾಂಡಲ್ಲಿನ ಚೀಲ ಬಾಯಿ ತೆರೆದುಕೊಂಡಿತ್ತು. ಅವಳಿರಲಿಲ್ಲ.

ನಾನು ಅವಳ ಹೆಸರು ಹಿಡಿದು ಕೂಗಿದೆ. ಅಂಥ ಕೂಗು ನನ್ನೊಳಗಿಂದ ಮತ್ತೆಂದೂ ಬರದಿರಲಿ. ಸ್ವಲ್ಪ ದೂರದಲ್ಲಿ ಟೊಮೆಟೊ ಸಾಲುಗಳ ನಡುವಿನಿಂದ ಒಬ್ಬ ಹೆಂಗಸು ಎದ್ದು ನಿಂತು ಕೈ ಬೀಸಿದಳು. ಚರಂಡಿ ಹಾರಿ, ಸಾಲುಗಳನ್ನು ತುಳಿದುಕೊಂಡು ಓಡಿದೆ. ತೋಟದ ಆ ತುದಿಯಲ್ಲಿ ಹಣ್ಣು ತುಂಬಿದ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಬಲೆ ಬಟ್ಟೆ ಹಾಸಿ ನೆರಳು ಮಾಡಿದ್ದರು. ಅದರ ಕೆಳಗೆ ಒಬ್ಬ ವಯಸ್ಸಾದ ಹೆಂಗಸಿನ ಭುಜಕ್ಕೆ ಒರಗಿಕೊಂಡು ಮಗಳು ಕೂತಿದ್ದಳು. ಕೈಯಲ್ಲಿ ಸ್ಟೀಲ್ ಲೋಟ. ಕೂದಲು ಬೆವರಿಗೆ ಹಣೆಗೆ ಅಂಟಿತ್ತು, ತುಟಿ ಬಿಳುಪೇರಿತ್ತು. ನನ್ನನ್ನು ನೋಡಿದಳು. ಗುರುತು ಹಿಡಿದೇ ನೋಡಿದಳು.

ಆದದ್ದು ಇಷ್ಟು. ಕವಲಿನಲ್ಲಿ ಹತ್ತು ನಿಮಿಷ ಕಾದಿದ್ದಾಳೆ. ನಾನು ಬರದಿದ್ದಾಗ, ಮೆಲ್ಲಗೆ ಹೋಗುತ್ತಿದ್ದರೆ ಅಪ್ಪ ಸೇರಿಕೊಳ್ಳುತ್ತಾನೆ ಎಂದು ಎಡಕ್ಕೆ ತಿರುಗಿದ್ದಾಳೆ. ಏರು ಹತ್ತುವಾಗ ಕಣ್ಣು ಮಂಜಾಗಿದೆ. ಇಳಿದು ಚೀಲಕ್ಕೆ ಕೈ ಹಾಕಿದರೆ ಏನೂ ಇಲ್ಲ. ಫೋನೂ ಇಲ್ಲ. ಅಲ್ಲೇ ಕೂತರೆ ಮತ್ತೆ ಏಳಲಾಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಸೈಕಲ್ಲನ್ನು ಅಲ್ಲೇ ಬಿಟ್ಟು, ಮಾತು ಕೇಳಿಸಿದ ಕಡೆ ನಡೆದಿದ್ದಾಳೆ. ಹಣ್ಣು ಕೀಳುತ್ತಿದ್ದ ಹೆಂಗಸರ ಮುಂದೆ ನಿಂತು, ಅಜ್ಜಿಯಿಂದ ಕಲಿತ ತೆಲುಗಿನಲ್ಲಿ, ನನಗೆ ಸಕ್ಕರೆ ಕಾಯಿಲೆ, ಈಗ ಸಕ್ಕರೆ ಬೇಕು, ಬೇಗ ಬೇಕು, ನಾನು ಬಿದ್ದರೆ ಬಾಯಿಗೆ ನೀರು ಹಾಕಬೇಡಿ, ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಹೇಳಿದ್ದಾಳೆ. ಇಷ್ಟನ್ನು ಹೇಳಿ ಕೂತುಬಿಟ್ಟಳಂತೆ. ತೋಟದವರು ಕೂಲಿಯವರಿಗೆಂದು ಕಳಿಸಿದ್ದ ಫ್ಲಾಸ್ಕಿನಲ್ಲಿ ಟೀ ಇತ್ತು. ಪಾಕದ ಹಾಗಿರುವ ಟೀ. ಆ ಹೆಂಗಸರು ತಮ್ಮ ಪಾಲಿನದನ್ನೆಲ್ಲ ಆರಿಸಿ ಆರಿಸಿ ಮೂರು ಲೋಟ ಕುಡಿಸಿದ್ದರು.

ನಾನು ಅವಳ ಮುಂದೆ ಮಂಡಿಯೂರಿ ಕೂತು, ಜೇಬಿನ ಮೆಷಿನ್ನು ತೆಗೆದು ಬೆರಳು ಚುಚ್ಚಲು ಹೋದೆ. ಸೂಜಿ ಎರಡು ಸಲ ಜಾರಿತು. ಅವಳೇ ತೆಗೆದುಕೊಂಡು ಚುಚ್ಚಿಕೊಂಡಳು. ಎಪ್ಪತ್ತೊಂದು. ಏರುತ್ತಿತ್ತು. ಒಬ್ಬಳು ಹೋಗಿ ನನ್ನ ಸೈಕಲ್ಲನ್ನು ತಳ್ಳಿಕೊಂಡು ಬಂದಿದ್ದಳು. ನಾನು ಚೀಲ ಬಿಚ್ಚಿ ರಸದ ಪ್ಯಾಕೆಟ್ಟು, ಖರ್ಜೂರ, ಬನ್ನು, ಹುರಿಹಿಟ್ಟಿನ ಡಬ್ಬಿ, ಗ್ಲೂಕೋಸು, ಒಂದೊಂದೇ ತೆಗೆದು ಅವಳ ಮುಂದೆ ಇಡುತ್ತ ಹೋದೆ. ನಿಲ್ಲಿಸಲು ಆಗುತ್ತಲೇ ಇರಲಿಲ್ಲ. ಹೆಂಗಸರು ಸುತ್ತ ನಿಂತು ನೋಡುತ್ತಿದ್ದರು. ಆ ವಯಸ್ಸಾದಾಕೆ ಕೇಳಿದಳು, "ಏಮಪ್ಪಾ, ಇಷ್ಟೆಲ್ಲ ಹೊತ್ಕೊಂಡ್ ಬಂದಿದೀಯ, ಈ ಮಗೀನ ಕೈಗೆ ಒಂದ್ ತುಂಡ್ ಬೆಲ್ಲ ಕೊಟ್ಟಿರ್ಲಿಲ್ವಾ?"

ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ. ಆಗ ಅತ್ತೆ. ಕಂಡರಿಯದ ಹೆಂಗಸರ ಎದುರು, ಮುಖ ಮುಚ್ಚಿಕೊಳ್ಳದೆ ಅತ್ತೆ. ಮಗಳು ರಸ ಕುಡಿದು ಮುಗಿಸಿ, ಬನ್ನು ಅರ್ಧ ತಿಂದು, ನನ್ನ ತರಚಿದ ಮೊಣಕೈ ತಿರುಗಿಸಿ ನೋಡಿದಳು. ನಾನು ಬೈಸಿಕೊಳ್ಳಲು ತಯಾರಾಗಿದ್ದೆ. ಅವಳು ಮೆಲ್ಲಗೆ ಹೇಳಿದಳು. "ಎಲ್ಲಾ ನಿನ್ನ ಹತ್ರಾನೇ ಇಟ್ಕೊಂಡ್ರೆ, ನೀನಿಲ್ದೇ ಇದ್ದಾಗ ನಾನೇನ್ ಮಾಡ್ಲಿ ಅಪ್ಪಾ?"

"ಮರ್ತೋಯ್ತು ಮಗಾ" ಎಂದೆ.

"ಮರ್ತಿದ್ದಕ್ಕಲ್ಲ. ನಾನೇ ತುಂಬ್ಕೋತೀನಿ ಅಂದ್ರೆ ಬಿಡ್ಲಿಲ್ವಲ್ಲ, ಅದಕ್ಕೆ."

ಅಲ್ಲೇ ನೆರಳಿನಲ್ಲಿ ಒಂದೂವರೆ ಗಂಟೆ ಕೂತೆವು. ಹೆಂಗಸರು ತಮ್ಮ ಬುತ್ತಿ ಬಿಚ್ಚಿ ಅವಳಿಗೆ ಮುದ್ದೆ, ಹುರುಳಿ ಸಾರು ಕೊಟ್ಟರು. ನಾವು ನಿಪ್ಪಟ್ಟು ಕೊಟ್ಟೆವು. ಆಮೇಲೆ ಅವಳು ನನ್ನ ಎರಡು ಗೋಣಿಚೀಲವನ್ನೂ ಟಾರ್ಪಾಲಿನ ಮೇಲೆ ಸುರಿದು, ಸಾಮಾನನ್ನು ಎರಡು ಪಾಲು ಮಾಡಿದಳು. ಗ್ಲೂಕೋಸು, ರಸ, ಮೆಷಿನ್ನು, ಫೋನು, ಇನ್ಸುಲಿನ್ನಿನ ಡಬ್ಬಿ ಅವಳ ಕಡೆಗೆ. ನನ್ನ ಕಡೆಗೂ ನಾಲ್ಕು ಪೊಟ್ಟಣ. ಎರಡು ದೊಡ್ಡ ಬಾಟಲಿ ನೀರು, ಒಂದು ಡಬ್ಬಿ ಹುರಿಹಿಟ್ಟು, ಅರ್ಧ ಕಡಲೆಕಾಯಿ ಆ ಹೆಂಗಸರಿಗೆ. ತೆಗೆದುಕೊಳ್ಳಲು ಅವರು ಮೊದಲು ಒಪ್ಪಲಿಲ್ಲ. ಇದನ್ನು ಹೊತ್ತುಕೊಂಡು ಹೋದರೆ ಅಪ್ಪನಿಗೆ ಮುಳಬಾಗಿಲು ಮುಟ್ಟಲಾಗುವುದಿಲ್ಲ ಎಂದು ಅವಳು ಹೇಳಿದ ಮೇಲೆ ನಕ್ಕು ತೆಗೆದುಕೊಂಡರು. ನಾನು ಅವಳು ಕೊಟ್ಟದ್ದನ್ನು ಕಟ್ಟಿಕೊಂಡೆ.

ಮುಳಬಾಗಿಲಿನಿಂದ ಬಸ್ಸು ಹಿಡಿಯೋಣ ಎಂದು ನಾನು ಹೇಳಲಿಲ್ಲ. ಹೇಳುವ ಮುಖ ನನಗಿರಲಿಲ್ಲ. ಆದರೆ ನಾಲ್ಕನೇ ದಿನ ಶ್ರೀನಿವಾಸಪುರದ ದಾರಿಯಲ್ಲಿ ನನ್ನ ಹೆದರಿಕೆ ಕಮ್ಮಿಯಾಗಿತ್ತೆಂದರೆ ಸುಳ್ಳಾಗುತ್ತದೆ. ಹೆಚ್ಚಾಗಿತ್ತು. ಹಿಂದಿನ ದಿನದವರೆಗೆ ನಾನು ಹೆದರಿದ್ದು ಆಗಬಹುದಾದದ್ದಕ್ಕೆ, ಈಗ ಆದದ್ದನ್ನು ಕಣ್ಣಾರೆ ನೋಡಿದ್ದೆ. ಮಾವಿನ ತೋಪುಗಳಲ್ಲಿ ಹೂವು ಬಿಟ್ಟು ಇಡೀ ರಸ್ತೆ ಅದರ ವಾಸನೆ. ನಾನು ಅವಳ ಬೆನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಅವಳು ಗಂಟೆಗೊಮ್ಮೆ ನಾನು ಕೇಳುವ ಮೊದಲೇ ನಿಂತು, ಬೆರಳು ಚುಚ್ಚಿ, ಸಂಖ್ಯೆಯನ್ನು ಹಿಂತಿರುಗಿ ಕೂಗಿ ಹೇಳುತ್ತಿದ್ದಳು. ನೂರ ಮೂವತ್ತು. ನೂರ ಹದಿನೆಂಟು. ಒಂದು ಸಲ ತೊಂಬತ್ತನಾಲ್ಕು ಬಂದಾಗ ತೋಪಿನ ಬೇಲಿಗೆ ಸೈಕಲ್ಲು ಒರಗಿಸಿ ಖರ್ಜೂರ ತಿಂದಳು. ನನ್ನ ಕೈಗೂ ಎರಡು ಹಾಕಿದಳು. ಮುಖ ನೋಡುತ್ತ ಬರಬೇಡ ಎಂದವಳು ಆ ದಿನ ಏನೂ ಅನ್ನಲಿಲ್ಲ.

ಆದದ್ದನ್ನು ಹೆಂಡತಿಗೆ ಹೇಳುವುದು ಬೇಡ ಎಂದು ದಾರಿಯಲ್ಲೇ ತೀರ್ಮಾನಿಸಿದ್ದೆ. ಮನೆ ಮುಟ್ಟಿ, ಕಾಲು ತೊಳೆದು ಒಳಗೆ ಬಂದವಳೇ ಮಗಳು ತಾಯಿಯ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಖಾಲಿ ಚೀಲದ ವಿಷಯ ಬಂದಾಗ, ಅಪ್ಪ ತುಂಬಲು ಮರೆತ ಎನ್ನದೆ, ಹೊರಡುವ ಮೊದಲು ತಾನೇ ಚೀಲ ತೆರೆದು ನೋಡಬೇಕಿತ್ತು ಎಂದಳು. ಹೆಂಡತಿ ನನ್ನನ್ನು ನೋಡಿದಳು. ನಾನು ತಲೆ ತಗ್ಗಿಸಿದೆ. ಅವಳು ಎದ್ದು ಒಳಗೆ ಹೋಗಿ ಬಹಳ ಹೊತ್ತು ಪಾತ್ರೆಗಳನ್ನು ಅತ್ತಿತ್ತ ಮಾಡಿದಳು. ಊಟಕ್ಕೆ ಬಡಿಸುವಾಗ ಮಗಳಿಗೆ ಕೇಳಿದ್ದು ಒಂದೇ, ಮತ್ತೆ ಹೋಗುತ್ತೀಯಾ ಎಂದು. ಹೋಗುತ್ತೇನೆ ಎಂದಳು ಮಗಳು.

ಹೋದಳು ಕೂಡ. ಹೋದ ತಿಂಗಳು ಗೆಳತಿಯರಿಬ್ಬರ ಜೊತೆ ಮೂರು ದಿನಕ್ಕೆ. ಈ ಸಲ ಬುತ್ತಿ, ನೀರು, ಸಾಮಾನು ಎಲ್ಲ ಅವಳದೇ ಲೆಕ್ಕ. ಯಾವ ಚೀಲದಲ್ಲಿ ಏನಿದೆ ಎಂದು ಗೆಳತಿಯರಿಬ್ಬರಿಗೂ ತೋರಿಸಿ, ತಾನು ತೊದಲಿದರೆ ಏನು ಮಾಡಬೇಕೆಂದು ಬಾಯಿಪಾಠ ಮಾಡಿಸಿದ್ದಳು. ಸಂಜೆಯವರೆಗೆ ಫೋನು ಮಾಡಕೂಡದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದಳು. ಮೊದಲ ದಿನ ನಾನು ಡ್ಯೂಟಿಯಲ್ಲಿದ್ದೆ. ಮಧ್ಯಾಹ್ನ ಎರಡಕ್ಕೆ ಮಾಲೂರಿನ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ ತಡೆದುಕೊಳ್ಳಲಾಗಲಿಲ್ಲ. ಮಾಡಿದೆ. ಮೂರು ಸಲ ರಿಂಗಾಗಿ ಎತ್ತಿಕೊಂಡಳು. ಹಿಂದೆ ಹುಡುಗಿಯರು ನಗುವ ಸದ್ದು ಕೇಳುತ್ತಿತ್ತು.

"ನೂರ ನಲವತ್ತು ಅಪ್ಪಾ, ಊಟ ಮಾಡ್ತಾ ಇದೀವಿ. ಇಡ್ತೀನಿ" ಎಂದಳು.

ಇಟ್ಟಳು. ಪ್ರಯಾಣಿಕರು ಹತ್ತುತ್ತಿದ್ದರು. ನಾನು ಇನ್ನೂ ಸ್ವಲ್ಪ ಹೊತ್ತು ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದೆ.